ಷಟರ್ ಎಳೆದ ಮೇಲೆ

ಬೆಂಗಳೂರಿನ ಪೀಣ್ಯದ ಒಂದು ಪ್ಯಾಕೇಜಿಂಗ್ ಕಾರ್ಖಾನೆಯವರು ಕೊಟ್ಟ ಅರ್ಜಿಯ ಎರಡನೇ ಪುಟದಲ್ಲಿ ಮೂರು ಕಾಲಂ ಇದ್ದವು. ಹಿಂದಿನ ಸಂಸ್ಥೆಯ ಹೆಸರು, ಕೊನೆಗೆ ಪಡೆದ ಸಂಬಳ, ಕೆಲಸ ಬಿಡಲು ಕಾರಣ. ಕೆಳಗೆ ಸಣ್ಣಕ್ಷರದಲ್ಲಿ, ರಿಲೀವಿಂಗ್ ಲೆಟರ್ ಮತ್ತು ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಲಗತ್ತಿಸತಕ್ಕದ್ದು. ಮೊದಲನೆಯದಕ್ಕೆ ನನ್ನ ಅಂಗಡಿಯ ಹೆಸರು ಬರೆದೆ. ಎರಡನೆಯದಕ್ಕೆ ಬರುವಾಗ ಪೆನ್ನು ನಿಂತಿತು. ಹದಿನೇಳು ವರ್ಷ ನನಗೆ ಸಂಬಳ ಕೊಟ್ಟವರು ಯಾರೂ ಇರಲಿಲ್ಲ. ಹಾಗಂತ ಒಂದು ದಿನವೂ ಉಪವಾಸ ಮಲಗಿರಲಿಲ್ಲ.

‘ರಿಲೀವಿಂಗ್ ಲೆಟರ್ ನಾಳೆ ಮೇಲ್ ಮಾಡಿದ್ರೂ ನಡೆಯತ್ತೆ ಸರ್’ ಎಂದಳು ಎಚ್‌ಆರ್ ಹುಡುಗಿ.

‘ನನ್ನನ್ನ ರಿಲೀವ್ ಮಾಡಬೇಕಾದವನು ನಾನೇ ಕಣಮ್ಮ.’

‘ಪರವಾಗಿಲ್ಲ ಸರ್, ನಿಮ್ಮ ಲೆಟರ್‌ಹೆಡ್‌ನಲ್ಲೇ ಬರೆದು ಸೀಲ್ ಹಾಕಿ ಕೊಡಿ.’

ಅಲ್ಲಿ ಸಿಕ್ಕಿಬಿದ್ದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ 2006ರಿಂದ 2023ರವರೆಗೆ ಡಿಟಿಪಿ ಅಂಗಡಿ ನಡೆಸಿದವನು ನಾನು. ವಕೀಲರಿಗೆ, ಡಾಕ್ಟರುಗಳಿಗೆ, ಅಡಿಕೆ ಮಂಡಿಯವರಿಗೆ, ಗಣಪತಿ ಸಮಿತಿಗಳಿಗೆ, ಇನ್ನೂ ಹುಟ್ಟೇ ಇರದ ಸಂಘಗಳ ಅಧ್ಯಕ್ಷರಿಗೆ, ಹೀಗೆ ಊರಿಗೆಲ್ಲ ಲೆಟರ್‌ಹೆಡ್ ಮಾಡಿಕೊಟ್ಟಿದ್ದೇನೆ. ನನ್ನ ಅಂಗಡಿಗೊಂದು ಇರಲಿಲ್ಲ.

ಸ್ವಂತ ದುಡಿಮೆ ಬಿಟ್ಟು ಸಂಬಳಕ್ಕೆ ಸೇರುವುದನ್ನು ನಮ್ಮ ಮಾತಿನಲ್ಲಿ ‘ಬಾಗಿಲು ಹಾಕಿದ’ ಎನ್ನುತ್ತಾರೆ. ದಿವಾಳಿ ಎದ್ದವನಿಗೂ ಅದೇ ಮಾತು, ಇನ್ನೊಂದು ಕೆಲಸ ಹಿಡಿದವನಿಗೂ ಅದೇ ಮಾತು. ಲಕ್ಷದ ಸಂಬಳ ಬಿಟ್ಟು ಕುರಿ ಸಾಕಿದ ಎಂಜಿನಿಯರ್ ಬಗ್ಗೆ ಇಂಥ ಪುರವಣಿಗಳಲ್ಲಿ ನೀವು ಎಷ್ಟೋ ಸಲ ಓದಿದ್ದೀರಿ. ಕುರಿ ಮಾರಿ ಮತ್ತೆ ಕೆಲಸಕ್ಕೆ ಹೋದವನ ಫೋಟೊ ಮಾತ್ರ ಎಲ್ಲೂ ಬರುವುದಿಲ್ಲ. ಅವನು ಕುರಿ ಮಾರಿದ್ದು ಸಂಜೆ ಹೊತ್ತು, ಯಾರಿಗೂ ಹೇಳದೆ.

ಹಾಗೆ ನೋಡಿದರೆ ಈ ದೇಶದಲ್ಲಿ ಸಂಬಳ ತರುವವರೇ ಕಡಿಮೆ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ 2023-24ರ ಲೆಕ್ಕದಂತೆ ದುಡಿಯುವ ನೂರು ಜನರಲ್ಲಿ 58 ಮಂದಿ ಸ್ವಂತ ದುಡಿಮೆಯವರು, ತಿಂಗಳ ಸಂಬಳದವರು 22 ಮಂದಿ ಕೂಡ ಇಲ್ಲ. ಮಿಕ್ಕವರು ದಿನಗೂಲಿಯವರು. 2017-18ರಲ್ಲಿ ಸ್ವಂತ ದುಡಿಮೆಯವರು ನೂರಕ್ಕೆ 52ರಷ್ಟಿದ್ದರು. ರೈತರು, ಗಾಡಿಯ ಮೇಲೆ ತರಕಾರಿ ಮಾರುವವರು, ನನ್ನಂಥ ಅಂಗಡಿಯವರು ಎಲ್ಲರೂ ಈ 58ರಲ್ಲಿ ಸೇರಿದ್ದೇವೆ. ಇನ್ನೂ ಒಂದು ಗುಂಪಿದೆ, ಅದರ ಮಾತು ಆಮೇಲೆ.

ಇಷ್ಟು ಜನ ಇರುವ ಕೋಣೆಗೆ ಒಳಬರುವ ಬಾಗಿಲುಗಳು ಬೇಕಾದಷ್ಟಿವೆ. ನಮ್ಮ ರಾಜ್ಯವಂತೂ ಇದರಲ್ಲಿ ದೇಶಕ್ಕೇ ದಾರಿ ತೋರಿಸಿದೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಹಳ್ಳಿಯ ಹುಡುಗರಿಗೆ ಊಟ, ವಸತಿ ಕೊಟ್ಟು, ಕಸುಬು ಕಲಿಸಿ, ಬ್ಯಾಂಕ್ ಸಾಲದ ದಾರಿ ತೋರಿಸುವ ಆ ಮಾದರಿಯನ್ನೇ ಮುಂದೆ ಕೇಂದ್ರ ಸರ್ಕಾರ ಆರ್‌ಸೆಟಿ ಎಂಬ ಹೆಸರಿನಲ್ಲಿ ಜಿಲ್ಲೆ ಜಿಲ್ಲೆಗೆ ಒಯ್ದಿತು. 2015ರ ಏಪ್ರಿಲ್‌ನಲ್ಲಿ ಮುದ್ರಾ ಸಾಲ ಬಂತು. ಆಗ 10 ಲಕ್ಷ ರೂಪಾಯಿಯವರೆಗೆ ಇದ್ದ ಮಿತಿ, ಒಮ್ಮೆ ಪಡೆದು ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದವರೆಗೂ ಹೋಗುತ್ತದೆ. ಅಂಗಡಿ ಇಡುವುದು ಹೇಗೆ ಎಂದು ಹೇಳಿಕೊಡಲು ಇಷ್ಟೆಲ್ಲ ಇದೆ. ಇಟ್ಟ ಅಂಗಡಿಯನ್ನು ಮುಚ್ಚಿ ಇನ್ನೊಂದು ಬದುಕಿಗೆ ಹೋಗುವುದು ಹೇಗೆ ಎಂದು ಕೇಳಿದರೆ, ‘ಹೋಗಿ, ನಿಮ್ಮ ಆಡಿಟರನ್ನ ಕೇಳಿ’ ಎನ್ನುತ್ತಾರೆ. ನಾನು ಕೇಳಿದೆ. ಅವರು ಗೊತ್ತಿದ್ದವರು, ಹಾಗಾಗಿ ಬೈದು ಹೇಳಿದರು.

ಅಂಗಡಿ ಯಾಕೆ ಮುಚ್ಚಿದೆ ಎನ್ನುವುದರಲ್ಲಿ ದೊಡ್ಡ ಕಥೆ ಏನೂ ಇಲ್ಲ. ಮದುವೆ ಕಾರ್ಡು ನಮ್ಮ ಅನ್ನ. ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ಪ್ಲೇನ್ ಕಾರ್ಡು ತರಿಸಿ, ಅಕ್ಷರ ಜೋಡಿಸಿ, ಪ್ರಿಂಟ್ ಹಾಕಿಸಿ ಕೊಡುತ್ತಿದ್ದೆವು. 2010ರ ಹೊತ್ತಿಗೆ ಒಂದು ಮದುವೆಗೆ 800 ಕಾರ್ಡು ಹೇಳುತ್ತಿದ್ದವರು 300ಕ್ಕೆ ಇಳಿದರು. ಆಮೇಲೆ 100. ‘ದೇವರ ಮುಂದಿಡೋಕೆ, ಸೋದರಮಾವನ ಕಡೆಯವರಿಗೆ ಕೊಡೋಕೆ ಇದ್ರೆ ಸಾಕು, ಮಿಕ್ಕಿದ್ದು ವಾಟ್ಸ್ಆ್ಯಪ್‌ನಲ್ಲಿ ಹಾಕ್ತೀವಿ. ಅದಕ್ಕೊಂದು ಪಿಡಿಎಫ್ ಮಾಡಿಕೊಡಿ, ದುಡ್ಡು ಬೇರೆ ತಗೋಬೇಡಿ’ ಎನ್ನುವ ತನಕ ಬಂತು. ಕೊರೊನಾ ಬಂದು ಎರಡು ಮದುವೆ ಸೀಸನ್ ನುಂಗಿತು. ಮುಂದಿನದು ನಿಮಗೇ ಗೊತ್ತು.

ಈಗ ಆ ಎರಡನೇ ಕಾಲಂಗೆ ಬರೋಣ. ಕೊನೆಗೆ ಪಡೆದ ಸಂಬಳ ಎಷ್ಟು?

ಅಂಗಡಿಯವನಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಗಲ್ಲಾ ತುಂಬಿದ ದಿನ ಸಾವುಕಾರ, ಬಾಡಿಗೆ ಕಟ್ಟುವ ದಿನ ಬಡವ. ನಡುವೆ ತನ್ನ ಕೂಲಿ ಎಷ್ಟು ಎಂದು ಕೂತು ಲೆಕ್ಕ ಹಾಕುವವರು ಅಪರೂಪ. ಕೇಳಿದವರಿಗೆ ನಾನು ‘ತಿಂಗಳಿಗೆ ಒಂದು ನಲವತ್ತು ಸಿಗತ್ತೆ’ ಎನ್ನುತ್ತಿದ್ದೆ, ಅದನ್ನೇ ನಂಬಿಯೂ ಇದ್ದೆ. ಅಂದು ರಾತ್ರಿ ಲಾಡ್ಜಿನಲ್ಲಿ ಕೂತು ಬರೆದೆ. ಒಳ್ಳೆಯ ತಿಂಗಳಲ್ಲಿ ವ್ಯಾಪಾರ ಒಂದು ಲಕ್ಷ. ಅದರಲ್ಲಿ ಕಾರ್ಡು, ಪೇಪರ್‌ಗೆ 35,000. ಬಾಡಿಗೆ 12,000. ಹುಡುಗನ ಸಂಬಳ 11,000. ಟೋನರ್, ಇಂಕು, ರಿಪೇರಿಗೆ 9,000. ಮಶೀನಿನ ಸಾಲದ ಕಂತು 6,000. ಕರೆಂಟು 3,000. ಉಳಿದದ್ದು 24,000. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ ತೆರೆದಿದ್ದ ಅಂಗಡಿಯಲ್ಲಿ ಇಬ್ಬರು ದುಡಿದದ್ದಕ್ಕೆ. ಇಬ್ಬರು ಎಂದೆನಲ್ಲ, ಆ ಇನ್ನೊಬ್ಬರ ಮಾತೂ ಆಮೇಲೆ.

ಇದು ನನ್ನೊಳಗಿನ ಲೆಕ್ಕವಾಯಿತು. ಸರ್ಕಾರಕ್ಕೆ ಕೊಟ್ಟ ಲೆಕ್ಕ ಬೇರೆಯೇ ಇತ್ತು. ಸಣ್ಣ ವ್ಯಾಪಾರಿಗಳು ದೊಡ್ಡ ದೊಡ್ಡ ಖಾತೆ ಪುಸ್ತಕ ಇಡುವುದು ಬೇಡ ಎಂದು ಆದಾಯ ತೆರಿಗೆಯಲ್ಲಿ ಒಂದು ಅನುಕೂಲವಿದೆ. ಒಟ್ಟು ವ್ಯಾಪಾರದ ಶೇ 8ರಷ್ಟನ್ನು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಾದರೆ ಶೇ 6ರಷ್ಟನ್ನು ಲಾಭ ಎಂದು ತೋರಿಸಿದರೆ ಸಾಕು, ಮುಂದೆ ಪ್ರಶ್ನೆ ಇಲ್ಲ. ಅದು ಕನಿಷ್ಠದ ಮಿತಿ, ನಿಜಕ್ಕೂ ಹೆಚ್ಚು ಸಿಕ್ಕಿದ್ದರೆ ಹೆಚ್ಚೇ ತೋರಿಸಬೇಕು. ಆದರೆ ಬಜಾರಿನಲ್ಲಿ ಹಾಗೆ ತೋರಿಸಿದವರನ್ನು ನಾನು ಕಂಡಿಲ್ಲ. ನಾನೂ ತೋರಿಸಿರಲಿಲ್ಲ. ವರ್ಷಕ್ಕೆ 12 ಲಕ್ಷ ವ್ಯಾಪಾರ, ಶೇ 8 ಎಂದರೆ 96,000 ರೂಪಾಯಿ. ತೆರಿಗೆ ಸೊನ್ನೆ. ಪ್ರತಿ ಜುಲೈನಲ್ಲಿ ಆಡಿಟರ್ ಕಚೇರಿಯಿಂದ ಹೊರಬರುವಾಗ ಏನೋ ಗೆದ್ದ ಹಾಗೆ ಅನಿಸುತ್ತಿತ್ತು.

ಆ ರಿಟರ್ನ್‌ಗಳನ್ನೇ ಈಗ ನನ್ನ ದುಡಿಮೆಯ ಸಾಕ್ಷಿಯೆಂದು ಎಚ್‌ಆರ್ ಮುಂದೆ ಇಡಬೇಕಾಯಿತು. ಆಕೆ 96,000ವನ್ನು ಹನ್ನೆರಡರಿಂದ ಭಾಗಿಸಿದಳು. ತಿಂಗಳಿಗೆ 8,000. ಅಂಗಡಿಯಲ್ಲಿ ನನ್ನ ಕೈಕೆಳಗಿದ್ದ ಹುಡುಗನ ಸಂಬಳ ಅದಕ್ಕಿಂತ ಮೂರು ಸಾವಿರ ಜಾಸ್ತಿ. ‘ಸರ್, ನಮ್ಮಲ್ಲಿ ಹಳೇ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತ ಕೊಡೋದು...’ ಎಂದು ಅವಳೇ ಸಂಕೋಚದಿಂದ ಮಾತು ನಿಲ್ಲಿಸಿದಳು. ತೆರಿಗೆಯವರ ಎದುರು ಬಡವನಾಗಿ ನಿಂತವನು ಎಚ್‌ಆರ್ ಎದುರು ದಿಢೀರನೆ ಸಾವುಕಾರನಾಗಲು ಆಗುವುದಿಲ್ಲ. ಅಂದು ಉಳಿಸಿದ್ದೆಲ್ಲ ಇಂದು ಎದುರು ನಿಂತಿತ್ತು. ಬ್ಯಾಂಕಿನ ಸಾಲಕ್ಕೆ ಹೋದಾಗಲೂ ಇದೇ ಪಾಡು ಎಂದು ಅಂಗಡಿ ನಡೆಸುವವರಿಗೆಲ್ಲ ಗೊತ್ತು. ನೌಕರಿಗೆ ಹೋದಾಗಲೂ ಹೀಗೇ ಎಂದು ಹೇಳಲು ಮಾತ್ರ ಯಾರೂ ಇರುವುದಿಲ್ಲ.

ನನಗೇ ಬೇಸರ ತರಿಸಿದ್ದು ಇನ್ನೊಂದು. ನಮ್ಮ ಮನೆಯಲ್ಲಿ ನಿಜವಾದ ಪೇ ಸ್ಲಿಪ್ಪುಗಳ ಕಟ್ಟೇ ಇತ್ತು, ಅದನ್ನು ಕೇಳುವವರು ಇರಲಿಲ್ಲ. ಅವು ಪಿಗ್ಮಿ ಪುಸ್ತಕಗಳು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು ಮೂರೇ ವರ್ಷಕ್ಕೆ, 1928ರಲ್ಲಿ, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ ಶುರುಮಾಡಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಅದು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿ ಮಾತ್ರ ನಮ್ಮ ಸೊಸೈಟಿಗಳಲ್ಲಿ ಇನ್ನೂ ಓಡಾಡುತ್ತಿದೆ. ದಿನಾ ಸಂಜೆ ಏಜೆಂಟರು ಬಂದು ಗಲ್ಲಾದ ಮುಂದೆ ನಿಲ್ಲುತ್ತಾರೆ. ವ್ಯಾಪಾರ ಆಗಿರಲಿ, ಬಿಡಲಿ, ನೂರು ರೂಪಾಯಿ ಎತ್ತಿಕೊಡಬೇಕು. ಇಲ್ಲದಿದ್ದರೆ ಪಕ್ಕದ ಅಂಗಡಿಯವನ ಮುಂದೆ ಮಾನ ಹೋಗುತ್ತದೆ. ಸಂಬಳದವರಿಗೆ ಪಿಎಫ್ ಕಡಿತವಾಗುವ ಹಾಗೆ ನಮಗೆ ಪಿಗ್ಮಿ. ಹದಿನೇಳು ವರ್ಷ ಒಬ್ಬ ಮನುಷ್ಯ ದಿನಾ ದುಡಿದ, ದಿನಾ ಉಳಿಸಿದ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಯಾವುದಿದೆ? ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಕಾಗದ ಇಲ್ಲದವನ ಪಾಡು ಏನು ಎನ್ನುವುದನ್ನು ನಮ್ಮ ರಾಜ್ಯ 2020ರ ಮೇ ತಿಂಗಳಲ್ಲೇ ಕಂಡಿತ್ತು. ಲಾಕ್‌ಡೌನಿನಲ್ಲಿ ಅಗಸರು, ಕ್ಷೌರಿಕರು, ಆಟೊ-ಟ್ಯಾಕ್ಸಿ ಚಾಲಕರಿಗೆ ಸರ್ಕಾರ ತಲಾ 5,000 ರೂಪಾಯಿ ಕೊಡುತ್ತೇವೆ ಎಂದಿತು. ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದ ಕೈಯವರು, ತಾವು ಕ್ಷೌರಿಕರೇ ಹೌದು ಎಂದು ಸಾಬೀತು ಮಾಡಲು ಕಚೇರಿ ಸುತ್ತಬೇಕಾಯಿತು. ಇದಕ್ಕೆ ತಿರುವುಮುರುವಾದದ್ದು 2025ರ ಜುಲೈನಲ್ಲಿ ನಡೆಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ನೋಂದಣಿ ಆಗಬೇಕೆಂಬ ನಿಯಮ ಮೊದಲೇ ಇತ್ತು. ಅಂಗಡಿಗಳ ಮುಂದೆ ಕ್ಯೂಆರ್ ಸ್ಟಿಕ್ಕರ್ ಕಿತ್ತು ‘ನಗದು ಮಾತ್ರ’ ಬೋರ್ಡು ಬಂತು, ಬಂದ್ ಮಾಡುವ ಮಾತಾಯಿತು. ಕೊನೆಗೆ ಮುಖ್ಯಮಂತ್ರಿಯೇ ವ್ಯಾಪಾರಿಗಳನ್ನು ಕರೆಸಿ ಸಮಾಧಾನ ಹೇಳಬೇಕಾಯಿತು. ನೋಟಿಸು ಬಂದ ಗೆಳೆಯರ ಸಿಟ್ಟು ನನಗೆ ಅರ್ಥವಾಗುತ್ತದೆ. ಒಟ್ಟು ವ್ಯಾಪಾರವನ್ನೇ ಲಾಭ ಎಂಬಂತೆ ನೋಡಿದರೆ ಯಾರಿಗೆ ತಾನೇ ಉರಿಯುವುದಿಲ್ಲ? ಆದರೂ ಒಂದು ಮಾತು. ಚಿಲ್ಲರೆ ವ್ಯಾಪಾರಿಯ ದುಡಿಮೆ ಈ ದೇಶದಲ್ಲಿ ದಿನಾಂಕ ಸಮೇತ ದಾಖಲಾದದ್ದು ಆ ಸ್ಟಿಕ್ಕರ್ ಬಂದ ಮೇಲೆಯೇ. ನನ್ನ ವಿಷಯದಲ್ಲಂತೂ ಕೊನೆಗೆ ಕೈ ಹಿಡಿದದ್ದು ಅದು. ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ ಮೇಲೆಯೇ ಕಾರ್ಖಾನೆಯವರು 8,000ದ ಲೆಕ್ಕ ಬಿಟ್ಟರು.

ಸ್ಟೇಟ್‌ಮೆಂಟಿನ ಜೊತೆ ಇನ್ನೇನೇನು ಕೊಟ್ಟೆ? ಪಾಲಿಕೆಯ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ಸರ್ಟಿಫಿಕೇಟ್ (ಕಚೇರಿಗಳಿಗೆ ಬಿಲ್ಲು ಕೊಡಬೇಕಾಗಿ ನಾನಾಗೇ ಮಾಡಿಸಿಕೊಂಡದ್ದು), 2020ರಲ್ಲಿ ಉದ್ಯಮ್ ನೋಂದಣಿ ಶುರುವಾದಾಗ ಪಕ್ಕದ ಸೈಬರಿನವನು ಸುಮ್ಮನೆ ಮಾಡಿಕೊಟ್ಟಿದ್ದ ಒಂದು ಹಾಳೆ. ಮತ್ತೆ ನಾಲ್ಕು ಹಳೇ ಗಿರಾಕಿಗಳಿಂದ ಪತ್ರ, ಅವರವರ ಲೆಟರ್‌ಹೆಡ್‌ನಲ್ಲಿ. ನಾಲ್ಕೂ ನಾನೇ ಡಿಸೈನ್ ಮಾಡಿದವು. ಕೈಯಲ್ಲಿ ಕಸುಬಿದ್ದು ಸರ್ಟಿಫಿಕೇಟ್ ಇಲ್ಲದವರಿಗೆಂದು ಕೇಂದ್ರದ ಕೌಶಲ ಯೋಜನೆಯಲ್ಲಿ ಒಂದು ದಾರಿ ಇದೆ, ಆರ್‌ಪಿಎಲ್ ಎನ್ನುತ್ತಾರೆ. ಪೂರ್ತಿ ಕೋರ್ಸ್ ಮಾಡಬೇಕಿಲ್ಲ, ಇರುವ ಕೆಲಸವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಗಾರೆ, ವೈರಿಂಗ್, ಹೊಲಿಗೆಯಂಥ ಕೆಲಸದವರು ಕೇಳಿ ನೋಡಬಹುದು. ನನಗೆ ಅದು ತಿಳಿದದ್ದು ಕೆಲಸ ಸಿಕ್ಕಿದ ಮೇಲೆ.

ಕಾಗದ ಮುಗಿದ ಮೇಲೆ ಮನುಷ್ಯರ ಸರದಿ. ಪ್ರೊಡಕ್ಷನ್ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ. ‘ನಾಳೆ ಮತ್ತೆ ಅಂಗಡಿ ಇಡ್ತೀನಿ ಅಂತ ಹೋಗಲ್ಲ ತಾನೆ?’ ಯಜಮಾನನಾಗಿದ್ದವನು ಕೈಕೆಳಗೆ ಬಾಳಲಾರ ಎಂಬ ಅನುಮಾನ ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಕಂಪನಿಗಳಿಗೆ ಹುಸಿ ಅರ್ಜಿಗಳನ್ನು ಕಳಿಸಿ ಇದನ್ನೇ ಪರೀಕ್ಷಿಸಿದ್ದಾರೆ. ಸ್ವಂತ ಕಂಪನಿ ನಡೆಸಿದ್ದೆ ಎಂದು ಬರೆದವರಿಗೆ ಸಂದರ್ಶನದ ಕರೆ ಕಡಿಮೆ ಬಂತು. ವಿಚಿತ್ರವೆಂದರೆ ಕಂಪನಿ ನಡೆಸಿ ಗೆದ್ದವರಿಗೆ, ಸೋತವರಿಗಿಂತಲೂ ಕಡಿಮೆ! ಸೋತವನಾದರೆ ಇಲ್ಲೇ ಇರುತ್ತಾನೆ ಎಂಬ ಲೆಕ್ಕವಿರಬೇಕು. ನಾನು ಸೋತಿದ್ದೇನೆ ಎಂದು ಮ್ಯಾನೇಜರಿಗೆ ಹೇಳಲಿಲ್ಲ, ಗೆದ್ದಿದ್ದೆ ಎಂದೂ ಹೇಳಲಿಲ್ಲ. ‘ಮಗಳು ಪಿಯುಸಿ ಸರ್’ ಎಂದೆ. ಆತನಿಗೆ ಅಷ್ಟು ಸಾಕಾಯಿತು.

27,000ಕ್ಕೆ ಒಪ್ಪಿಕೊಂಡೆ. ಬೇಸಿಕ್ 14,500. ಈ ಬೇಸಿಕ್ ಎಂಬ ಸಂಖ್ಯೆಯಲ್ಲಿ, ನಡುವಯಸ್ಸಿನಲ್ಲಿ ಮೊದಲ ಸಲ ಸಂಬಳಕ್ಕೆ ಸೇರುವವರ ಮುಪ್ಪು ಅಡಗಿದೆ. ಸ್ವಲ್ಪ ತಾಳ್ಮೆಯಿಂದ ಓದಿ. ಬೇಸಿಕ್‌ನ ಶೇ 12 ನಮ್ಮಿಂದ ಪಿಎಫ್‌ಗೆ ಹೋಗುತ್ತದೆ, ಅಷ್ಟನ್ನೇ ಮಾಲೀಕರು ಹಾಕುತ್ತಾರೆ. ಅವರು ಹಾಕಿದ್ದರಲ್ಲಿ ಬೇಸಿಕ್‌ನ ಶೇ 8.33ರಷ್ಟು ಪಿಂಚಣಿ ಖಾತೆಗೆ. 2014ರ ಸೆಪ್ಟೆಂಬರ್ ನಂತರ ಹೊಸದಾಗಿ ಸೇರುವಾಗಲೇ ಈ ವೇತನ 15,000 ದಾಟಿದ್ದರೆ ಪಿಂಚಣಿ ಖಾತೆ ಇಲ್ಲ, ಎಲ್ಲವೂ ಪಿಎಫ್‌ಗೇ. ಪೂರ್ತಿ ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಬೇಕು, ವಯಸ್ಸು 58 ಆಗಬೇಕು. ಅಂದರೆ 48 ದಾಟಿ ಸೇರಿದವರಿಗೆ ಆ ಹೊತ್ತಿಗೆ ಹತ್ತು ತುಂಬುವುದು ಕಷ್ಟ, ಕಟ್ಟಿದ್ದಕ್ಕೆ ಒಂದಿಷ್ಟು ಗಂಟು ಕೈಗೆ ಬಂದು ಮುಗಿಯುತ್ತದೆ. ನಾನು ಸೇರಿದ್ದು 44ಕ್ಕೆ. ಹದಿನಾಲ್ಕು ವರ್ಷ ಆಗುತ್ತದೆ. ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಸೂತ್ರ. ಈಗಿನ ಬೇಸಿಕ್ಕೇ ಕೊನೆತನಕ ಇತ್ತು ಅಂದುಕೊಂಡರೆ ತಿಂಗಳಿಗೆ 2,900 ರೂಪಾಯಿ.

ನಗಬೇಡಿ. ಇದರಲ್ಲಿ ಮೂರು ವರ್ಷ ಇನ್ನೂ ಸೇರಬಹುದಿತ್ತು. ಅಂಗಡಿ ಇಡುವ ಮುಂಚೆ ಮೂರು ವರ್ಷ ಒಂದು ಪ್ರೆಸ್ಸಿನಲ್ಲಿದ್ದೆ, ಅಲ್ಲಿ ಪಿಎಫ್ ಇತ್ತು. ಬಿಡುವಾಗ ಅಷ್ಟನ್ನೂ ತೆಗೆದು ಮೊದಲ ಕಂಪ್ಯೂಟರ್ ಕೊಂಡೆ. ತೆಗೆಯದೆ ಬಿಟ್ಟಿದ್ದರೆ ಹಳೇ ಸೇವೆಯನ್ನು ಹೊಸದಕ್ಕೆ ಜೋಡಿಸಿಕೊಳ್ಳಬಹುದಿತ್ತು. ಈಗ ಅಂಗಡಿ ಮುಚ್ಚುತ್ತಿರುವವರು ಹಿಂದೆಲ್ಲೋ ದುಡಿದ ಕಡೆಯ ಪಿಎಫ್ ನಂಬರಿದ್ದರೆ ಟ್ರಂಕು ತಡಕಾಡಿ ನೋಡಿ. ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಗೆ ಈ ತಾಪತ್ರಯವಿಲ್ಲ. 2009ರಿಂದ ಅದು ಎಲ್ಲ ನಾಗರಿಕರಿಗೂ ತೆರೆದಿದೆ, ಅದರ ಖಾತೆ ಅಂಗಡಿಯಿಂದ ಆಫೀಸಿಗೂ ಆಫೀಸಿನಿಂದ ಅಂಗಡಿಗೂ ಹಾಗೇ ಬರುತ್ತದೆ.

ಅಂಗಡಿ ಮುಚ್ಚುವುದೂ ಒಂದು ಕೆಲಸವೇ. ಷಟರ್ ಎಳೆದು, ಅಡ್ವಾನ್ಸ್ ವಾಪಸ್ ತಗೊಂಡು, ಬೋರ್ಡು ಇಳಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಜಿಎಸ್‌ಟಿ ರದ್ದಾದ ಆದೇಶ ಬಂದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಹಾಕಬೇಕು. ಅಲ್ಲಿ ಉಳಿದ ಸರಕಿನ ಲೆಕ್ಕವನ್ನೂ, ಅದರ ಮೇಲೆ ಹಿಂದೆ ಪಡೆದ ತೆರಿಗೆ ಕ್ರೆಡಿಟ್ಟನ್ನೂ ಒಪ್ಪಿಸಬೇಕು. ಮರೆತರೆ ದಂಡ ಬೆಳೆಯುತ್ತದೆ. ಆಡಿಟರ್ ಬೈದದ್ದು ಇಲ್ಲಿಯೇ. ಕೊನೆಯ ವರ್ಷದ ನಷ್ಟವನ್ನು ಸಂಬಳದಲ್ಲಿ ಕಳೆದು ತೆರಿಗೆ ಉಳಿಸಬಹುದೇ ಎಂದು ಆಸೆಯಿಂದ ಕೇಳಿದೆ. ಇಲ್ಲವಂತೆ. ಎಂಟು ವರ್ಷ ಆ ನಷ್ಟವನ್ನು ಮುಂದಕ್ಕೆ ಒಯ್ಯಬಹುದು, ಆದರೆ ವ್ಯಾಪಾರದ ಲಾಭ ಬಂದರೆ ಮಾತ್ರ ಅದರ ಎದುರು ಕಳೆಯಬಹುದು. ಸಂಬಳದ ಮಟ್ಟಿಗೆ ಅಂಗಡಿಯ ನಷ್ಟ ನಡೆದೇ ಇಲ್ಲ. ಬರಬೇಕಿದ್ದ ಉದ್ರಿ 61,000 ಇತ್ತು. ಅದರಲ್ಲಿ ಬಂದದ್ದು ಎಷ್ಟು ಎಂದು ಬರೆಯುವುದಿಲ್ಲ, ಕೊಡದವರೂ ಈ ಪತ್ರಿಕೆ ಓದುತ್ತಾರೆ.

ಮೊದಲ ವಾರ ಕಷ್ಟವಾದದ್ದು ಕೆಲಸವಲ್ಲ, ಸುಮ್ಮನೆ ಕೂರುವುದು. ಅಂಗಡಿಯಲ್ಲಿ ಕೈ ಖಾಲಿ ಎಂದರೆ ಗಲ್ಲಾ ಖಾಲಿ, ಎದೆ ಡವಗುಟ್ಟುತ್ತದೆ. ಇಲ್ಲಿ ಪ್ಲೇಟ್ ಬರುವ ತನಕ ಎಲ್ಲರೂ ಆರಾಮಾಗಿ ಟೀ ಕುಡಿಯುತ್ತಿದ್ದರು. ನಾನು ಎದ್ದು ಪಕ್ಕದವನ ಫೈಲು ತೆಗೆದು ತಿದ್ದತೊಡಗಿದೆ. ಅವನಿಗೆ ಇಷ್ಟವಾಗಲಿಲ್ಲ. ಟೀಮ್ ಲೀಡ್ ಹುಡುಗನಿಗೆ 29 ವರ್ಷ, ನನಗಿಂತ ಹದಿನೈದು ವರ್ಷ ಚಿಕ್ಕವನು. ನಾನವನನ್ನು ‘ಸರ್’ ಅಂದರೆ ಅವನೂ ನನ್ನನ್ನು ‘ಸರ್’ ಅನ್ನುತ್ತಿದ್ದ, ಇಬ್ಬರಲ್ಲಿ ಯಾರು ಯಾರ ಕೈಕೆಳಗೆ ಎಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ. ‘ಸರ್, ಒಂದು ರಿಕ್ವೆಸ್ಟು. ಪಾರ್ಟಿಗೆ ನೀವೇ ಫೋನ್ ಮಾಡಿ ರೇಟ್ ಮಾತಾಡಬೇಡಿ. ಅದಕ್ಕೆ ಸೇಲ್ಸ್‌ನವರಿದ್ದಾರೆ’ ಎಂದ ಒಂದು ದಿನ. ಹದಿನೇಳು ವರ್ಷ ಡಿಸೈನು, ಸೇಲ್ಸು, ವಸೂಲಿ, ಕಸ ಗುಡಿಸುವುದು ಎಲ್ಲವೂ ಒಬ್ಬನದೇ ಆಗಿದ್ದವನಿಗೆ ತನ್ನ ಕೆಲಸ ಎಲ್ಲಿ ಮುಗಿಯುತ್ತದೆ ಎಂದು ಕಲಿಯಲು ನಾಲ್ಕು ತಿಂಗಳು ಬೇಕಾಯಿತು.

ಕೆಲಸ ನನ್ನನ್ನು ಉಳಿಸಿಕೊಂಡದ್ದು ಮಾತ್ರ ನಾನು ಎಣಿಸಿರದ ಕಾರಣಕ್ಕೆ. ರಾಜ್ಯದಲ್ಲೇ ತಯಾರಾಗಿ ಇಲ್ಲೇ ಮಾರುವ ಸರಕುಗಳ ಮೇಲೆ ಹೆಸರು, ಬಳಕೆಯ ಸೂಚನೆಗಳು ಕನ್ನಡದಲ್ಲೂ ಇರಬೇಕು ಎನ್ನುತ್ತದೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ. ಪಾರ್ಟಿಗಳಿಂದ ಕನ್ನಡದ ಫೈಲುಗಳು ಬರತೊಡಗಿದವು. ಅವುಗಳ ಸ್ಥಿತಿ ದೇವರಿಗೇ ಪ್ರೀತಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಅಂಟಿಸಿದರೆ ‘ಕನ್ನಡ’ ಎಂಬ ಪದವೇ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಬೆರೆತ ಕಿಚಡಿಯಾಗುತ್ತದೆ. ಯೂನಿಕೋಡ್ ಇದ್ದರೂ ಡಿಸೈನ್ ಸಾಫ್ಟ್‌ವೇರಿನಲ್ಲಿ ಒಂದು ಸೆಟ್ಟಿಂಗ್ ತಪ್ಪಿದರೆ ಒತ್ತಕ್ಷರ ಕೆಳಗಿಳಿಯುವುದಿಲ್ಲ. ಅಕ್ಕಿ ಹಿಟ್ಟಿನ ಚೀಲದ ಮೇಲೆ ‘ಅಕ್‌ಕಿ ಹಿಟ್‌ಟು’ ಎಂದು ಮುದ್ರಣದ ಸಿಲಿಂಡರ್ ಕೆತ್ತಲು ಹೊರಟಿದ್ದ ಒಂದು ಫೈಲನ್ನು ನಾನು ನೋಡಿದೆ. ಕೆತ್ತಿಬಿಟ್ಟಿದ್ದರೆ ಆ ಸಿಲಿಂಡರ್ ಗುಜರಿಗೆ. ಬರಹ ತಂತ್ರಾಂಶ ಬಂದ 1998ರ ಸುಮಾರಿನಿಂದ, ನುಡಿ, ಶ್ರೀಲಿಪಿ ಎಲ್ಲದರ ಜೊತೆ ಗುದ್ದಾಡಿದವನಿಗೆ ಇದು ದೂರದಿಂದಲೇ ಕಾಣುತ್ತದೆ. ಮದುವೆ ಕಾರ್ಡಿನಲ್ಲಿ ವರನ ಅಜ್ಜನ ಹೆಸರು ತಪ್ಪಿದರೆ ಎಂಥ ಗಲಾಟೆಯಾಗುತ್ತದೆ ಎಂದು ಬಲ್ಲವನು, ಹಿಟ್ಟಿನ ಚೀಲವನ್ನೂ ಅದೇ ಹೆದರಿಕೆಯಿಂದ ಓದುತ್ತಾನೆ. ಅರ್ಜಿಯಲ್ಲಿ ಈ ಹೆದರಿಕೆಗೂ ಕಾಲಂ ಇರಲಿಲ್ಲ.

ಮೊದಲ ಆಷಾಢ ಬಂದಾಗ ನನಗೆ ಹಳೇ ಕಳವಳ ಶುರುವಾಯಿತು. ಹದಿನೇಳು ವರ್ಷ ಆಷಾಢ ಎಂದರೆ ಮದುವೆ ಇಲ್ಲ, ಕಾರ್ಡಿಲ್ಲ, ಜ್ಯೇಷ್ಠದಲ್ಲಿ ದುಡಿದದ್ದನ್ನು ಶ್ರಾವಣದವರೆಗೆ ಎಳೆಯಬೇಕು. ಹಾಲಿನವನಿಗೂ ತಡವಾಗಿ ಕೊಡಬೇಕು. ಕೈ ತಾನಾಗೇ ಖರ್ಚು ಹಿಡಿಯಿತು, ಊರಿಗೆ ಹೋಗುವ ಶನಿವಾರದ ರೈಲನ್ನೂ ತಪ್ಪಿಸಿದೆ. ತಿಂಗಳ ಕೊನೆಗೆ ಫೋನಿನಲ್ಲಿ ಮೆಸೇಜು ಬಂತು. 25,060. ಪಿಎಫ್ 1,740, ವೃತ್ತಿ ತೆರಿಗೆ 200 ಕಳೆದು, ಹಿಂದಿನ ತಿಂಗಳಷ್ಟೇ. ಪಂಚಾಂಗ ನೋಡದ ದುಡ್ಡು. ನಾನು ಅದನ್ನು ಎರಡು ಸಲ ಓದಿದೆ.

ಈಗ ಆಮೇಲೆ ಎಂದು ಮುಂದೂಡಿದ್ದಕ್ಕೆ ಬರುತ್ತೇನೆ. ಆ ಸಮೀಕ್ಷೆಯ 58 ಮಂದಿಯಲ್ಲಿ ‘ಮನೆಯ ಉದ್ಯಮದಲ್ಲಿ ಸಹಾಯಕರು’ ಎಂಬ ಗುಂಪೊಂದಿದೆ. ಸಂಬಳವಿಲ್ಲ, ಪಾಲೂ ಇಲ್ಲ. ಅವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ಅಂಗಡಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ರಾತ್ರಿಯವರೆಗೆ ಪ್ರೂಫ್ ನೋಡುತ್ತಿದ್ದವಳು ನನ್ನ ಹೆಂಡತಿ. ‘ಸುಖಾಗಮನ ಬಯಸುವವರು’ ಕೆಳಗೆ ಬರುವ ನಲವತ್ತು ಹೆಸರುಗಳಲ್ಲಿ ಯಾರು ದೊಡ್ಡಪ್ಪ, ಯಾರ ಹೆಸರು ಮೊದಲು ಬರಬೇಕು, ಯಾರ ಹಿಂದೆ ಚಿರಂಜೀವಿ, ಯಾರ ಹಿಂದೆ ದಿವಂಗತ ಎಂದು ಗಿರಾಕಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ನನಗಾದರೂ 96,000ದ ರಿಟರ್ನ್ ಇತ್ತು. ಅವಳಿಗೆ ಅದೂ ಇಲ್ಲ. ಲೈಸೆನ್ಸು, ಜಿಎಸ್‌ಟಿ, ಬ್ಯಾಂಕು ಎಲ್ಲದರಲ್ಲೂ ಇದ್ದದ್ದು ನನ್ನ ಹೆಸರು. ಲಾಡ್ಜಿನ ಆ ರಾತ್ರಿಯ ಲೆಕ್ಕದಲ್ಲಿ 24,000ವನ್ನು ಎರಡರಿಂದ ಭಾಗಿಸಬೇಕಿತ್ತು ಎಂದು ಹೊಳೆದದ್ದೇ ತುಂಬಾ ತಡವಾಗಿ.

ಕಳೆದ ತಿಂಗಳು ಶಿವಮೊಗ್ಗದಲ್ಲೇ ಪಠ್ಯಪೂರಕ ಪುಸ್ತಕ ಮಾಡುವವರೊಬ್ಬರು ಪ್ರೂಫ್ ರೀಡರ್ ಬೇಕೆಂದು ಹೇಳಿಕಳಿಸಿದರು. ಅನುಭವದ ಪತ್ರ ತರಬೇಕಂತೆ. ಭಾನುವಾರ ಅಟ್ಟದಿಂದ ಹಳೇ ಕಂಪ್ಯೂಟರ್ ಇಳಿಸಿ, ಮೊದಲ ಬಾರಿಗೆ ನಮ್ಮ ಅಂಗಡಿಯ ಹೆಸರಿನಲ್ಲಿ ಒಂದು ಲೆಟರ್‌ಹೆಡ್ ಮಾಡಿದೆ. ಮುಚ್ಚಿಹೋದ ಅಂಗಡಿಯ ವಿಳಾಸ, ಕೆಳಗೆ ಮಾಲೀಕ ಎಂದು ನನ್ನ ಹೆಸರು. ‘ಇವರು ನಮ್ಮ ಸಂಸ್ಥೆಯಲ್ಲಿ 2009ರಿಂದ 2023ರವರೆಗೆ ಕರಡು ತಿದ್ದುವ ಕೆಲಸವನ್ನು...’ ಎಂದು ಟೈಪ್ ಮಾಡುತ್ತಿದ್ದೆ. ಅವಳು ಹಿಂದೆ ನಿಂತು ಓದುತ್ತಿದ್ದಳು. ‘ತಿದ್ದುವ’ದ ಮುಂದೆ ಎರಡು ಸ್ಪೇಸ್ ಬಿದ್ದಿದ್ದನ್ನು ಬೆರಳಿಟ್ಟು ತೋರಿಸಿದಳು. ಆಮೇಲೆ ಕೇಳಿದಳು:

‘ರೀ, ಸಂಬಳ ಎಷ್ಟೂಂತ ಬರೀತೀರಿ?’